ಗಡಿ ಕಾಣದ ತಂತಿ: ಉಪ್ಪಳದಲ್ಲಿ ಎರಡು ದಿನ

ಮಂಗಳೂರಿನಿಂದ ಹೊರಟ ಬಸ್ಸು ತಲಪಾಡಿಯ ಗಡಿಯನ್ನು ದಾಟಿ, ಮಂಜೇಶ್ವರವನ್ನು ಹಿಂದಿಕ್ಕಿ ಉಪ್ಪಳದ ಪೇಟೆಯಲ್ಲಿ ನಮ್ಮನ್ನು ಇಳಿಸಿದಾಗ ದೀಪ ಹಚ್ಚುವ ಹೊತ್ತಾಗಿತ್ತು. ಷಟ್ಪಥದ ಕಾಮಗಾರಿಯಿಂದ ಹೆದ್ದಾರಿಯ ರೂಪವೇ ಬದಲಾಗಿದ್ದು, ಹಳೆಯ ಗುರುತುಗಳನ್ನು ಹುಡುಕಿಕೊಳ್ಳಬೇಕಾಯಿತು. ಆದರೆ ಊರಿನ ಮಾತು ಬದಲಾಗಿರಲಿಲ್ಲ. ಬಸ್ಸಿನಿಂದ ಇಳಿದು ಹಣ್ಣಿನ ಅಂಗಡಿಯವರೆಗೆ ನಡೆಯುವಷ್ಟರಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ, ಕೊಂಕಣಿ, ಉರ್ದು ಇಷ್ಟೂ ಕಿವಿಗೆ ಬಿದ್ದವು. ಸಪ್ತಭಾಷಾ ಸಂಗಮಭೂಮಿ ಎಂಬ ಮಾತು ಸಭೆಗಳ ಅಲಂಕಾರಕ್ಕೆ ಮಾತ್ರ ಹುಟ್ಟಿದ್ದಲ್ಲ; ಉಪ್ಪಳದ ಸಂಜೆಯ ಪೇಟೆಯಲ್ಲಿ ನಿಂತವರಿಗೆ ಅದು ನಿತ್ಯದ ಅನುಭವ.

2014ರಲ್ಲಿ ಮಂಜೇಶ್ವರ ತಾಲೂಕು ರೂಪುಗೊಂಡಾಗ ಅದರ ಕಛೇರಿ ಉಪ್ಪಳದಲ್ಲಿ ನೆಲೆಗೊಂಡಿತು. ಅಂದಿನಿಂದ ಈ ಪೇಟೆಗೆ ಹೊಸ ಗೌರವವೊಂದು ಬಂದಿದೆ. ನಾವು ಈ ಸಲ ಬಂದುದು ಮಾತ್ರ ಕಛೇರಿಯ ಕೆಲಸಕ್ಕಲ್ಲ, ಮದುವೆ ಮುಂಜಿಗೂ ಅಲ್ಲ. ನಮ್ಮ ಮನೆಗಳಲ್ಲಿ ಉರಿಯುವ ದೀಪಕ್ಕೆ ಬೆಳಕು ಯಾವ ದಾರಿಯಿಂದ ಬರುತ್ತದೆ, ಆ ದಾರಿ ಈಗ ಹೇಗೆ ಬದಲಾಗುತ್ತಿದೆ ಎಂಬುದನ್ನು ಕಣ್ಣಾರೆ ನೋಡಬೇಕೆಂಬ ಬಹುದಿನದ ಆಸೆಯೇ ನಮ್ಮನ್ನು ಇಲ್ಲಿಗೆ ಎಳೆತಂದಿತ್ತು.

ರಾತ್ರಿ ನಾವು ತಂಗಿದ ಬಂಧುಗಳ ಮನೆಯಲ್ಲಿ ಹಳೆಯ ದಿನಗಳ ಮಾತು ಬಂತು. ಬಲ್ಬಿನ ಒಳಗಿನ ತಂತಿ ಕೆಂಡದ ಎಳೆಯಂತೆ ಮಿಣುಕುತ್ತಿದ್ದ ಕಾಲ ಅದು. ಕರೆಂಟು ಇದೆಯೋ ಇಲ್ಲವೋ ಎಂದು ನೋಡಲು ಚಿಮಿಣಿ ದೀಪ ಹಿಡಿದು ಬಲ್ಬಿನ ಬಳಿ ಹೋಗಬೇಕಿತ್ತೆಂದು ಮನೆಯ ಹಿರಿಯರು ನಗೆಯಾಡಿದರು. ನಗೆಯ ಹಿಂದೆ ನೋವೂ ಇತ್ತು. ಬೇಸಗೆಯಲ್ಲಿ ಅಡಿಕೆ ತೋಟಕ್ಕೆ ನೀರು ಬಿಡಲು ನಡುರಾತ್ರಿ ಎದ್ದು, ವೋಲ್ಟೇಜು ಏರುವುದನ್ನು ಕಾದು, ಪಂಪು ಏಳದೆ ಬೆಳಗು ಮಾಡಿದ ರಾತ್ರಿಗಳನ್ನು ಅವರು ಮರೆತಿಲ್ಲ. ಒಂದು ಬೇಸಗೆ ಒಣಗಿದ ಅಡಿಕೆ ಗಿಡ ಮುಂದಿನ ಮಳೆಗೆ ಮತ್ತೆ ಚಿಗುರುವುದಿಲ್ಲವಷ್ಟೆ.

ಇದಕ್ಕೆ ಕಾರಣ ಭೂಪಟದಲ್ಲಿಯೇ ಇದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ನೆಲ ಆ ರಾಜ್ಯದ ಉತ್ತರದ ತುದಿಯಾಯಿತು. 1976ರಲ್ಲಿ ಕಾರ್ಯಾರಂಭ ಮಾಡಿದ ಇಡುಕ್ಕಿಯಂತಹ ದೊಡ್ಡ ವಿದ್ಯುದಾಗಾರಗಳು ದೂರದ ದಕ್ಷಿಣದಲ್ಲಿವೆ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೆ ನಮಗೆ ಶರಾವತಿಯೇ ಹತ್ತಿರ. ಉದ್ದದ ಕಾಲುವೆಯ ತುದಿಯ ಗದ್ದೆಗೆ ನೀರು ಕಡಿಮೆ ಬರುವಂತೆ, ಉದ್ದದ ತಂತಿಯ ತುದಿಯ ಮನೆಗೆ ವೋಲ್ಟೇಜು ಕಡಿಮೆ ಮುಟ್ಟುತ್ತದೆ.

ಇಲ್ಲಿ ಸಬ್‌ಸ್ಟೇಷನ್ನಿನ ತತ್ತ್ವವನ್ನು ಎರಡು ಮಾತಿನಲ್ಲಿ ಹೇಳಬೇಕು. ಒಂದೇ ಪ್ರಮಾಣದ ವಿದ್ಯುತ್ತನ್ನು 11 ಕಿಲೋವೋಲ್ಟಿನ ಬದಲು 110 ಕಿಲೋವೋಲ್ಟಿನಲ್ಲಿ ಸಾಗಿಸಿದರೆ ತಂತಿಯಲ್ಲಿ ಹರಿಯುವ ಪ್ರವಾಹ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ತಂತಿ ಬಿಸಿಯಾಗಿ ಪೋಲಾಗುವ ಶಕ್ತಿಯಾದರೋ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ದೂರದ ಪಯಣಕ್ಕೆ ಹೆಚ್ಚಿನ ಒತ್ತಡ, ಊರಿನ ಬಳಿ ಕಡಿಮೆ ಒತ್ತಡ. ಈ ಇಳಿಸುವ ಕಾರ್ಯ ನಡೆಯುವ ಸ್ಥಳವೇ ಸಬ್‌ಸ್ಟೇಷನ್. ಅದು ಮನೆಗೆ ಹತ್ತಿರವಾದಷ್ಟೂ ದೀಪ ಉಜ್ವಲ.

ಮರುದಿನ ಬೆಳಿಗ್ಗೆ ಬಂದ್ಯೋಡಿನಿಂದ ಒಳದಾರಿ ಹಿಡಿದು ಕುಬಣೂರಿಗೆ ಹೋದೆವು. ಉಪ್ಪಳದ ಸುತ್ತಿನ ಮನೆಗಳಿಗೆ ಆಧಾರವಾದ 110 ಕಿಲೋವೋಲ್ಟಿನ ಕೇಂದ್ರಗಳಲ್ಲಿ ಅಲ್ಲಿನದೂ ಒಂದು. ನಮ್ಮೊಡನೆ ನಿವೃತ್ತ ಲೈನ್‌ಮನ್ ಒಬ್ಬರು ಬಂದಿದ್ದರು. ಒಳಗೆ ಕಾಲಿಡುವುದು ಅಪಾಯವೂ ಅನುಚಿತವೂ ಆದುದರಿಂದ ಬೇಲಿಯ ಹೊರಗಿನ ರಸ್ತೆಯಲ್ಲಿಯೇ ನಿಂತು ಅವರ ಮಾತನ್ನು ಕೇಳಿದೆವು.

ಹಿಂದಿನ ಕೇಂದ್ರಗಳಲ್ಲಿ ತುಂಡಾದ ತಂತಿಯನ್ನು ಗುರುತಿಸುತ್ತಿದ್ದುದು ಗಡಿಯಾರದಂತಹ ಯಂತ್ರಾಂಗಗಳುಳ್ಳ ರಿಲೇಗಳು. ಪ್ರವಾಹವನ್ನು ಕಡಿಯುತ್ತಿದ್ದುದು ಎಣ್ಣೆ ತುಂಬಿದ ಬ್ರೇಕರುಗಳು. ಗಂಟೆಗೊಮ್ಮೆ ಸಿಬ್ಬಂದಿ ಮೀಟರುಗಳನ್ನು ನೋಡಿ ದಪ್ಪ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಳೆಗಾಲದಲ್ಲಿ ಲೈನು ಕೆಟ್ಟರೆ ಎಲ್ಲಿ ಕೆಟ್ಟಿದೆಯೆಂದು ತಿಳಿಯಲು ಗುಡ್ಡ, ತೋಡು, ಕಾಡುಪೊದೆಗಳನ್ನು ದಾಟಿ ಕಂಬದಿಂದ ಕಂಬಕ್ಕೆ ನಡೆಯಬೇಕಿತ್ತು. "ಟಾರ್ಚು ಒಂದು ಕೈಯಲ್ಲಿ, ಕೊಡೆ ಇನ್ನೊಂದು ಕೈಯಲ್ಲಿ, ಜೀವ ದೇವರ ಕೈಯಲ್ಲಿ" ಎಂದು ನಮ್ಮ ಜೊತೆಗಾರರು ಮೆಲುದನಿಯಲ್ಲಿ ಹೇಳಿದರು.

ಈಗಿನ ತಂತ್ರಜ್ಞಾನ ಬೇರೆ. ಗಣಕಯಂತ್ರದಂತೆ ಲೆಕ್ಕ ಹಾಕುವ ಅಂಕೀಯ ರಿಲೇಗಳು ದೋಷವನ್ನು ಗ್ರಹಿಸಿ, ಬ್ರೇಕರಿಗೆ ಆಜ್ಞೆಯಿತ್ತು, ಸೆಕೆಂಡಿನ ಹತ್ತನೆಯ ಒಂದಂಶದೊಳಗೆ ಲೈನನ್ನು ಕಡಿದುಹಾಕಬಲ್ಲವು. ಅಷ್ಟೇ ಅಲ್ಲ, ದೋಷವು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಅಂದಾಜನ್ನೂ ಕೊಡುತ್ತವೆ. ಗೋಪುರಗಳ ನೆತ್ತಿಯಲ್ಲಿ ಸಿಡಿಲಿಗೆ ರಕ್ಷೆಯಾಗಿ ಹಾಯ್ದ ತಂತಿಯ ಒಡಲಲ್ಲಿ ಕೂದಲಿನಷ್ಟು ಸಪೂರವಾದ ಗಾಜಿನ ಎಳೆಗಳನ್ನಿರಿಸಿ, ಅವುಗಳ ಮೂಲಕ ವಾರ್ತೆಯನ್ನು ನಿಯಂತ್ರಣ ಕೇಂದ್ರಕ್ಕೆ ಕಳುಹಿಸುತ್ತಾರೆ. ಕೇರಳದ ವಿದ್ಯುತ್ ಹರಿವನ್ನು ಕಳಮಶ್ಶೇರಿಯಲ್ಲಿಯೂ, ದಕ್ಷಿಣ ರಾಜ್ಯಗಳ ನಡುವಿನ ಹರಿವನ್ನು ಬೆಂಗಳೂರಿನಲ್ಲಿಯೂ ಕುಳಿತು ಗಮನಿಸುತ್ತಾರೆ.

ಕಡಲ ತಡಿಯ ನಮ್ಮ ಊರುಗಳಿಗೆ ಇನ್ನೊಂದು ಕಷ್ಟವುಂಟು. ಉಪ್ಪುಗಾಳಿ ಪಿಂಗಾಣಿಯ ಇನ್ಸುಲೇಟರುಗಳ ಮೇಲೆ ಪೊರೆಗಟ್ಟುತ್ತದೆ. ಅದು ಇಬ್ಬನಿಗೆ ನೆನೆದಾಗ ವಿದ್ಯುತ್ತು ಮೈಮೇಲೆಯೇ ಹರಿದು ಕಿಡಿಯೇಳುತ್ತದೆ. ನೀರು ನಿಲ್ಲಗೊಡದ ಪಾಲಿಮರ್ ಇನ್ಸುಲೇಟರುಗಳು ಇದಕ್ಕೊಂದು ಪರಿಹಾರ. ಉಪಕರಣಗಳನ್ನೆಲ್ಲ ಲೋಹದ ಕೊಳವೆಗಳೊಳಗೆ ಅನಿಲದಲ್ಲಿ ಮುಚ್ಚಿಡುವ ಕೇಂದ್ರಗಳು ಮತ್ತೊಂದು ಪರಿಹಾರ. ಅವು ಬಯಲಿನ ಕೇಂದ್ರಕ್ಕೆ ಬೇಕಾದ ನೆಲದ ಸಣ್ಣದೊಂದು ಪಾಲಿನಲ್ಲಿ ಅಡಕವಾಗುತ್ತವೆ. ಆದರೆ ಅದಕ್ಕೆ ಬಳಸುತ್ತ ಬಂದ ಎಸ್‌ಎಫ್6 ಅನಿಲ ಸೋರಿದರೆ ಭೂಮಿಯನ್ನು ಕಾಯಿಸುವುದರಲ್ಲಿ ಇಂಗಾಲಾಮ್ಲಕ್ಕಿಂತ 23,000 ಪಟ್ಟಿಗೂ ಮಿಕ್ಕಿದ ಶಕ್ತಿಯುಳ್ಳದ್ದು. ಆದುದರಿಂದ ಲೋಕದಲ್ಲಿ ಬದಲಿ ಅನಿಲಗಳ ಶೋಧ ನಡೆದಿದೆ. ಹೊಸತೆಲ್ಲವೂ ನಿರ್ದೋಷವಲ್ಲ.

ಕುಬಣೂರಿನಿಂದ ಪೈವಳಿಕೆಯ ಕಡೆಗೆ ಹೊರಟೆವು. ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 250 ಎಕ್ರೆಗೂ ಮಿಕ್ಕಿದ ನೆಲದಲ್ಲಿ 50 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವಿದೆ. 2021ರ ಫೆಬ್ರವರಿ 19ರಂದು ಪ್ರಧಾನಮಂತ್ರಿಯವರು ಇದನ್ನು ಲೋಕಾರ್ಪಣೆ ಮಾಡಿದರು. ಮುಳಿಹುಲ್ಲು ಬೆಳೆಯುತ್ತಿದ್ದ ಕಗ್ಗಲ್ಲಿನ ಪದವುಗಳ ಮೇಲೆ ಈಗ ನೀಲಿ ಫಲಕಗಳು ಸೂರ್ಯನಿಗೆ ಮುಖವೊಡ್ಡಿ ಸಾಲುಗಟ್ಟಿವೆ. ದಕ್ಷಿಣದಿಂದ ಬರುವ ವಿದ್ಯುತ್ತಿಗೆ ಕೈಯೊಡ್ಡಿ ನಿಂತಿದ್ದ ತುದಿಯ ನೆಲ, ಹಗಲಿನಲ್ಲಿ ತಾನೇ ಕೊಡುವ ನೆಲವಾಗಿದೆ. ಹಗಲಿನದನ್ನು ರಾತ್ರಿಗೆ ಕೂಡಿಡುವ ಬ್ಯಾಟರಿ ಭಂಡಾರವೊಂದರ ಯೋಜನೆಯೂ, 125 ಮೆಗಾವ್ಯಾಟಿನದು, ಜಿಲ್ಲೆಯ ಮೈಲಾಟ್ಟಿಯ 220 ಕಿಲೋವೋಲ್ಟ್ ಕೇಂದ್ರಕ್ಕಾಗಿ ರೂಪುಗೊಂಡಿತು.

ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದುದು ಬೇರೊಂದು ಸಂಗತಿ. ಕರ್ನಾಟಕದ ಕೊಣಾಜೆಯಿಂದ ಮಂಜೇಶ್ವರದ ಕಡೆಗೆ 110 ಕಿಲೋವೋಲ್ಟಿನ ಅಂತರರಾಜ್ಯ ಲೈನೊಂದಿದೆ. ನಮ್ಮ ಮಕ್ಕಳು ಉನ್ನತ ವಿದ್ಯೆಗಾಗಿ ಗಡಿ ದಾಟಿ ಹೋಗುವ ಕೊಣಾಜೆಯೇ ಅದು. ಮಕ್ಕಳು ಅತ್ತ ಹೋಗುತ್ತಾರೆ, ಬೆಳಕು ಇತ್ತ ಬರುತ್ತದೆ. ಇದಕ್ಕಿಂತ ದೊಡ್ಡ ಬೆಸುಗೆಯಾದುದು 2013ರ ಡಿಸೆಂಬರ್ 31ರಂದು. ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಲೈನಿನ ಮೂಲಕ ದಕ್ಷಿಣದ ವಿದ್ಯುತ್ ಜಾಲವು ಉಳಿದ ಭಾರತದೊಡನೆ ಏಕತಾಳದಲ್ಲಿ ಕೂಡಿತು. ಅಂದಿನಿಂದ ಉಪ್ಪಳದ ಬೀಸಣಿಗೆಯೂ ಕಾಶ್ಮೀರದ ದೀಪವೂ ಸೆಕೆಂಡಿಗೆ 50 ಆವರ್ತದ ಒಂದೇ ಲಯಕ್ಕೆ ಮಿಡಿಯುತ್ತವೆ.

ಹಾಗೆಂದು ತಂತಿಯ ಕೆಳಗಿನವರನ್ನು ಮರೆಯಲಾಗದು. ಉಡುಪಿ ಜಿಲ್ಲೆಯ ನಂದಿಕೂರಿನ ಕಡೆಯಿಂದ ನಮ್ಮ ಜಿಲ್ಲೆಯ ಕರಿಂದಳಕ್ಕೆ 400 ಕಿಲೋವೋಲ್ಟಿನ ಲೈನು ಯೋಜಿತವಾದಾಗ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಕೃಷಿಕರು ಬೀದಿಗಿಳಿದು ವಿರೋಧಿಸಿದರು. ಅದರ ಬೆಳಕು ನಮಗೆ, ಅದರ ಗೋಪುರ ಅವರ ತೋಟಕ್ಕೆ. ತೆಂಗು ಕಂಗುಗಳು ಎತ್ತರ ಬೆಳೆಯುವ ಮರಗಳು. ಅಂತಹ ಲೈನಿನ ಅಡಿಯಲ್ಲಿ ಅವುಗಳಿಗೆ ಎಡೆಯಿಲ್ಲ. ತಲೆಮಾರಿನ ತೋಟ ಕಳೆದುಕೊಂಡವನಿಗೆ ಸಲ್ಲುವ ಪರಿಹಾರವು ದಯೆಯಲ್ಲ, ಬೆಳಕನ್ನು ಉಣ್ಣುವವರೆಲ್ಲರ ಋಣ. ವೋಲ್ಟೇಜಿಲ್ಲದೆ ತೋಟ ಒಣಗಿಸಿಕೊಂಡ ನಾವು ಈ ಮಾತನ್ನು ಇತರರಿಗಿಂತ ಮೊದಲು ಆಡಬೇಕು.

ಹಿಂದಿರುಗುವಾಗ ದಾರಿಬದಿಯ ಟ್ರಾನ್ಸ್‌ಫಾರ್ಮರಿನ ಬೇಲಿಯ ಬಳಿ ವೃದ್ಧೆಯೊಬ್ಬರು ಹುಲ್ಲು ಹೆರೆಯುತ್ತಿದ್ದುದನ್ನು ಕಂಡೆವು. ಬೇಲಿಯ ಮೇಲೆ ಎಚ್ಚರಿಕೆಯ ಫಲಕವಿತ್ತು. ಅದರಲ್ಲಿ ಎರಡು ಭಾಷೆಗಳಿದ್ದವು, ಕನ್ನಡವಿರಲಿಲ್ಲ. "ಇದರಲ್ಲಿ ಏನು ಬರೆದಿದೆ ಮಕ್ಕಳೇ?" ಎಂದು ಆಕೆ ಕೇಳಿದರು. ಕನ್ನಡವನ್ನು ಮಾತ್ರ ಓದಬಲ್ಲೆನೆಂದೂ ಸಂಕೋಚದಿಂದ ಹೇಳಿದರು. ಓದಿ ಹೇಳಿದೆವು, ಆಕೆ ಕತ್ತಿಯನ್ನೆತ್ತಿಕೊಂಡು ಹತ್ತು ಹೆಜ್ಜೆ ಹಿಂದೆ ಸರಿದರು.

ಆ ಹತ್ತು ಹೆಜ್ಜೆಗಳು ನಮ್ಮನ್ನು ಮನೆಯವರೆಗೂ ಬಿಡಲಿಲ್ಲ. ತಮಿಳು, ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸಬಹುದೆಂದು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಒಪ್ಪಿತು. ಮಿಂಚಿನ ವೇಗದಲ್ಲಿ ದೋಷವನ್ನು ಅರಿಯುವ ಯಂತ್ರಗಳನ್ನು ತರಬಲ್ಲವರಿಗೆ ಫಲಕದಲ್ಲಿ ಇನ್ನೊಂದು ಸಾಲು ಬರೆಸುವುದು ಕಷ್ಟವಲ್ಲ. ನಾವೂ ಸುಮ್ಮನಿರಬಾರದು. ನಮ್ಮ ನಮ್ಮ ಊರಿನ ಟ್ರಾನ್ಸ್‌ಫಾರ್ಮರಿನ ಬೇಲಿಯನ್ನು ಒಮ್ಮೆ ನೋಡಿ ಬರೋಣ. ಅಲ್ಲಿ ಕನ್ನಡವಿಲ್ಲದಿದ್ದರೆ ಕನ್ನಡದಲ್ಲಿಯೇ ಒಂದು ಅರ್ಜಿ ಬರೆಯೋಣ. ಅದುವರೆಗೆ ಓದಲಾರದ ಹಿರಿಯರಿಗೆ ಮನೆಯ ಮಕ್ಕಳು ಓದಿ ಹೇಳಲಿ.

ರಾತ್ರಿ ಉಪ್ಪಳದಿಂದ ಹೊರಟಾಗ ಪೇಟೆಯ ದೀಪಗಳು ಸ್ಥಿರವಾಗಿ ಬೆಳಗುತ್ತಿದ್ದವು.