ಕೂರ್ಮಪ್ಪ ಮಲಗುವ ವಿಚಾರ

ತುಳಸಿ ಹಬ್ಬದ ದಿನ ಸಾಗರದಿಂದ ಅಮ್ಮನ ಫೋನು. ಇಂಗ್ಲೆಂಡಿನ ರೆಡಿಂಗ್ ಊರಿನ ನಮ್ಮ ಅಡುಗೆಮನೆಯಲ್ಲಿ ನಾನಾಗ ಪ್ಲಾಸ್ಟಿಕ್ ಡಬ್ಬಿಗೆ ಮಣ್ಣು ತುಂಬುತ್ತಿದ್ದೆ.

"ಏನ್ ಮಾಡ್ತಿದೀಯೋ?"

"ಆಮೆ ಮಲಗಿಸ್ತಿದೀನಮ್ಮ, ಫ್ರಿಜ್ಜಲ್ಲಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಲ್ವೋ, ಆಷಾಢದಲ್ಲಿ ಮಲಗಿದ ದೇವರು ಏಳೋ ದಿನ ಇವತ್ತು. ಇವತ್ತೇ ಕೂರ್ಮನ್ನ ಮಲಗಿಸ್ತೀಯಲ್ಲೋ!"

ಕೂರ್ಮಪ್ಪ ನಮ್ಮಲ್ಲಿಗೆ ಬಂದದ್ದು ಹೋದ ವರ್ಷದ ಸೆಪ್ಟೆಂಬರಿನಲ್ಲಿ. ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೊರಟಾಗ ನಮ್ಮ ಮಗಳ ಕೈಗೆ ಕೊಟ್ಟು ಹೋದರು. ಹರ್ಮನ್ ಜಾತಿಯ ಆಮೆ, ಮೆಡಿಟರೇನಿಯನ್ ತೀರದ್ದು. ಅಜ್ಜಿ ಹುಡುಗಿಯಾಗಿದ್ದಾಗ ಅವರಪ್ಪ ಸಂತೆಯಲ್ಲಿ ಕೊಂಡು ತಂದದ್ದಂತೆ. 1984ರಲ್ಲಿ ಆಮದು ನಿಷೇಧವಾಗುವ ತನಕ ಇವು ಇಲ್ಲಿಗೆ ಹಡಗಿನಲ್ಲಿ ರಾಶಿರಾಶಿ ಬರುತ್ತಿದ್ದವು. ಎಷ್ಟೋ ಆಮೆಗಳು ಮೊದಲ ಚಳಿಗಾಲವನ್ನೇ ದಾಟುತ್ತಿರಲಿಲ್ಲ. ನಮ್ಮೂರಲ್ಲಾದರೆ ಈ ತಲೆನೋವೇ ಇಲ್ಲ. ಬಯಲುಸೀಮೆಯ ಕುರುಚಲು ಕಾಡಿನ ನಕ್ಷತ್ರ ಆಮೆಗೆ ಚಳಿಗಾಲವೆಲ್ಲ ಮಲಗುವ ಈ ಶಿಶಿರನಿದ್ರೆ ಗೊತ್ತಿಲ್ಲ. ಅದನ್ನು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯಡಿ ನಮ್ಮ ನಿದ್ದೆಯೇ ಹಾರಿಹೋಗುತ್ತದೆ, ಅದು ಬೇರೆ ಮಾತು.

ಅಜ್ಜಿಯ ಲೆಕ್ಕ ಸರಳ. ನವೆಂಬರ್ 5ರ ಪಟಾಕಿ ರಾತ್ರಿ ಮುಗಿದ ಮೇಲೆ ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿಟ್ಟು ಗ್ಯಾರೇಜಿಗೆ ತಳ್ಳಿದರೆ ಈಸ್ಟರಿಗೆ ತೆಗೆಯುವುದು. ನಮಗೆ ಆ ಧೈರ್ಯ ಬರಲಿಲ್ಲ. ಬಂದಾಗಲೇ ಅದರ ಮೂಗು ಸೋರುತ್ತಿತ್ತು, ತೂಕವೂ ಕಡಿಮೆ. "ಈ ವರ್ಷ ಬೇಡ" ಎಂದರು ಪಶುವೈದ್ಯರು. ಹಾಗಾಗಿ ಮೊದಲ ಚಳಿಗಾಲವೆಲ್ಲ ಕೋಣೆಯಲ್ಲಿ ದೀಪ ಉರಿಸಿ, ಅದರಡಿಯಲ್ಲಿ ಒಂದು ಮೂಲೆಯನ್ನು ಮೂವತ್ತು ಡಿಗ್ರಿ ದಾಟಿಸಿ, ಹೊರಗೆ ಹಿಮ ಬೀಳುವಾಗ ಒಳಗೆ ಗ್ರೀಸ್ ದೇಶ ಸೃಷ್ಟಿಸಿ ಕೂತೆವು. ಕರೆಂಟ್ ಬಿಲ್ಲು ನೋಡಿ ಎದೆ ಧಸಕ್ಕೆಂದಿತು. ಲಾಭವಾದದ್ದು ಮೊಸರಿಗೆ. ಈ ದೇಶದ ಚಳಿಯಲ್ಲಿ ಹೆಪ್ಪು ಹಿಡಿಯುವುದೇ ಕಷ್ಟ. ಆಮೆಯ ಪೆಟ್ಟಿಗೆಯ ಪಕ್ಕದಲ್ಲಿಟ್ಟ ಪಾತ್ರೆಯಲ್ಲಿ ಮಾತ್ರ ಚಾಕುವಿನಲ್ಲಿ ಕೊಯ್ಯುವಂಥ ಗಟ್ಟಿ ಮೊಸರು.

ಈ ವರ್ಷ ಆಮೆ ಗಟ್ಟಿಮುಟ್ಟಾಗಿತ್ತು. ಮಲಗಿಸಬಹುದು. ಮಲಗಿಸಬೇಕೇ? ನಾನು ನಡುವಿನ ದಾರಿ ಹುಡುಕಿದೆ: ದೀಪ ಆರಿಸಿ ತಣ್ಣನೆಯ ಕೋಣೆಯಲ್ಲಿ ಬಿಟ್ಟರೆ ಅದೇ ತೂಕಡಿಸಿಕೊಂಡಿರುತ್ತದಲ್ಲ? ಎಲ್ಲಕ್ಕಿಂತ ಕೆಟ್ಟದ್ದು ಅದೇ. ಹತ್ತು ಡಿಗ್ರಿ ಮೀರಿದರೆ ನಿದ್ದೆ ಗಟ್ಟಿಯಾಗುವುದಿಲ್ಲ, ಹದಿನೈದರಲ್ಲಿ ಸರಿಯಾಗಿ ತಿಂದು ಅರಗಿಸುವಷ್ಟು ಬಿಸಿಯೂ ಇರುವುದಿಲ್ಲ. ಕೂಡಿಟ್ಟ ಕೊಬ್ಬು ಸುಮ್ಮನೆ ಕರಗುತ್ತದೆ. ಸೊನ್ನೆಗಿಂತ ಕೆಳಗಿಳಿದರೆ ಕಣ್ಣೇ ಹೋಗಬಹುದು. ಐದರ ಆಸುಪಾಸು ಕದಲದೆ ನಿಲ್ಲುವ ಜಾಗ ಮನೆಯಲ್ಲಿ ಒಂದೇ, ಫ್ರಿಜ್ಜು.

"ನನ್ನ ದೋಸೆಹಿಟ್ಟಿನ ಪಕ್ಕ ಆಮೆ ಬೇಡವೇ ಬೇಡ" ಎಂದಳು ಹೆಂಡತಿ. ನ್ಯಾಯವೇ. ದಿನಕ್ಕೆ ಮೂವತ್ತು ಸಲ ಬಾಗಿಲು ತೆಗೆಯುವ ಫ್ರಿಜ್ಜಿನಲ್ಲಿ ಶಾಖ ಏರಿಳಿಯುತ್ತಲೇ ಇರುತ್ತದೆ. ಹಾಗಾಗಿ ಒಂದು ಹಳೆಯ ಸಣ್ಣ ಫ್ರಿಜ್ಜು ತಂದು ಮೆಟ್ಟಿಲ ಕೆಳಗಿಟ್ಟೆ. ಒಳಗೆ ನೀರಿನ ಬಾಟಲಿಗಳು, ಥರ್ಮಾಮೀಟರು. ಎರಡು ವಾರ ಖಾಲಿ ಫ್ರಿಜ್ಜನ್ನೇ ಕಾದೆ.

ಊಟ ನಿಲ್ಲಿಸುವುದೇ ನನಗೆ ಸಂಕಟ. ಚಳಿಯಲ್ಲಿ ಜೀರ್ಣಶಕ್ತಿ ಕೆಲಸ ಮಾಡದೆ ಹೊಟ್ಟೆಯಲ್ಲಿದ್ದದ್ದು ಕೊಳೆಯುತ್ತದೆ. ಆದ್ದರಿಂದ ಮೂರು ನಾಲ್ಕು ವಾರ ಮೊದಲೇ ಉಪವಾಸ. ಅಮ್ಮನ ಏಕಾದಶಿಗೆ ಮರುದಿನ ಪಾರಣೆಯಿದೆ, ಇದಕ್ಕೆ ಫೆಬ್ರವರಿಯವರೆಗೆ ಇಲ್ಲ. ದೀಪಾವಳಿಗೆ ನಾವು ಹೋಳಿಗೆ ತಿನ್ನುವಾಗ ಮೇಜಿನ ಕೆಳಗಿಂದ ಕತ್ತು ಚಾಚಿ ನೋಡುತ್ತಿತ್ತು. ಆದರೆ ನೀರು ಕೊಡಬೇಕು. ದಿನಾ ಉಗುರುಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಅರ್ಧ ಗಂಟೆ ಕೂರಿಸುತ್ತಿದ್ದೆವು. ಆಗ ಕುಡಿದು ಮೂತ್ರಕೋಶ ತುಂಬಿಸಿಕೊಳ್ಳುತ್ತದೆ. ಮಗಳು ಇದಕ್ಕೆ 'ನೀರು ತುಂಬೋ ಹಬ್ಬ' ಎಂದು ಹೆಸರಿಟ್ಟಳು.

ಕೊನೆಯ ಅನುಮಾನ ಬಗೆಹರಿಸಿದ್ದು ತಕ್ಕಡಿ. ಆಲಿಫಂಟ್ ಜಾಕ್ಸನ್ ಎಂಬ ಪಶುವೈದ್ಯರು ಇಂಥ ಆಮೆಗಳ ಚಿಪ್ಪಿನ ಉದ್ದಕ್ಕೆ ಎಷ್ಟು ತೂಕವಿರಬೇಕೆಂದು ನಕ್ಷೆ ಬರೆದಿಟ್ಟಿದ್ದಾರೆ. ಕೂರ್ಮಪ್ಪ 1,240 ಗ್ರಾಂ. ನಕ್ಷೆಯ ಗೆರೆಯ ಮೇಲೆಯೇ ಇದ್ದ. ಹತ್ತರಲ್ಲೊಂದು ಪಾಲು ಇಳಿಯುವ ಮೊದಲೇ ಎಬ್ಬಿಸಬೇಕು. ನಿದ್ದೆಯಲ್ಲಿ ಮೂತ್ರ ಮಾಡಿಕೊಂಡರಂತೂ ಆ ದಿನವೇ.

ಇಲ್ಲಿಂದ ಗಂಟೆಯ ದಾರಿಯಲ್ಲಿ ಸೆಲ್ಬೋರ್ನ್ ಎಂಬ ಹಳ್ಳಿಯಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿದ್ದ ಪಾದ್ರಿ ಗಿಲ್ಬರ್ಟ್ ವೈಟ್, ಟಿಮೊಥಿ ಎಂಬ ಆಮೆ ಸಾಕಿದ್ದ. 1780ರ ಮಾರ್ಚಿನಲ್ಲಿ ಮಲಗಿದ್ದ ಅದನ್ನು ಅಗೆದು ತೆಗೆದು, ಮಣ್ಣು ತುಂಬಿದ ಪೆಟ್ಟಿಗೆಯಲ್ಲಿ ಎಂಬತ್ತು ಮೈಲಿ ದೂರದಿಂದ ಕುದುರೆಗಾಡಿಯಲ್ಲಿ ತನ್ನ ಮನೆಗೆ ತಂದನಂತೆ. ಕುಲುಕಾಟಕ್ಕೆ ಪೂರ್ತಿ ಎಚ್ಚರವಾಗಿ ತೋಟದಲ್ಲಿ ಎರಡು ಸುತ್ತು ಹಾಕಿತಂತೆ. (ಗಂಡೆಂದುಕೊಂಡಿದ್ದ ಟಿಮೊಥಿ ಹೆಣ್ಣೆಂದು ತಿಳಿದದ್ದು ಅದು ಸತ್ತ ಮೇಲೆ.) ಮಲಗಿಸಬೇಕೋ ಬೇಡವೋ ಎಂದು ವೈಟ್ ತಲೆ ಕೆಡಿಸಿಕೊಳ್ಳಲಿಲ್ಲ. ನವೆಂಬರಿನಲ್ಲಿ ಅದೇ ಗುಂಡಿ ತೋಡಿಕೊಂಡು ಇಳಿಯುತ್ತಿತ್ತು, ಏಪ್ರಿಲಿನಲ್ಲಿ ಏಳುತ್ತಿತ್ತು; ಅವನು ನೋಡಿ ಬರೆದಿಟ್ಟ. ಈಗಿನವರ ಲೆಕ್ಕಕ್ಕೆ ಐದು ತಿಂಗಳು ಅತಿಯಾಯಿತು. ಹತ್ತು ಹನ್ನೆರಡು ವಾರ ಸಾಕೆನ್ನುತ್ತಾರೆ.

ಡಬ್ಬಿಯನ್ನು ಒಳಗಿಟ್ಟು ಬಾಗಿಲು ಹಾಕುವಾಗ ಕೈ ನಡುಗಿದ್ದು ಸುಳ್ಳಲ್ಲ. ಮೊದಲ ವಾರ ಗಾಳಿಯಾಡಲೆಂದು ದಿನಾ ಬಾಗಿಲು ತೆಗೆಯುವ ನೆಪದಲ್ಲಿ ಅದರ ಹಿಂಗಾಲು ಮೆಲ್ಲನೆ ಮುಟ್ಟುತ್ತಿದ್ದೆ. ತಣ್ಣಗೆ, ಕಲ್ಲಿನ ಹಾಗೆ. ಒಂದೆರಡು ಕ್ಷಣ ಬಿಟ್ಟು, ಯಾರೋ ದೂರದಿಂದ ಎಳೆದಂತೆ, ಕಾಲು ಒಳಗೆ ಸರಿಯುತ್ತಿತ್ತು.

"ಬಿಡಪ್ಪ, ಪಾಪ, ಮಲಗಲಿ" ಎಂದು ಮಗಳು ಬಾಗಿಲು ಮುಚ್ಚಿದಳು. ಭಾನುವಾರ ತೂಗಿದಾಗ 1,237. ಅವಳು ಅದನ್ನು ಫ್ರಿಜ್ಜಿನ ಮೇಲಂಟಿಸಿದ ಕಾಗದದಲ್ಲಿ ಬರೆಯುತ್ತಿದ್ದಂತೆ ಅಡುಗೆಮನೆಯಿಂದ ಹೆಂಡತಿಯ ದನಿ:

"ಇವತ್ತೂ ಹಾಲು ಹಾಲಾಗೇ ಇದೆ. ನಿಮ್ಮ ಕೂರ್ಮಪ್ಪ ಏಳೋದು ಯಾವಾಗಂದ್ರಿ?"