ಮೂಡಲ ಬಾಗಿಲ ದಾರಿಯಲ್ಲಿ ಟರ್ಬೊ ಸಿಳ್ಳೆ

ಹೊಸಕೋಟೆ ದಾಟಿ ಪೂರ್ವಕ್ಕೆ ಹೊರಟರೆ ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿ. ಮದರಾಸಿಗೆ ಹೋಗುವ ಈ ಹೆದ್ದಾರಿಯ ಬದಿಯ ಚಹಾ ಅಂಗಡಿಯಲ್ಲಿ ಕುಳಿತರೆ ಲಾರಿಗಳ ಗುಡುಗಿನ ನಡುವೆ ಒಂದು ಸಣ್ಣ ಸಿಳ್ಳೆಯೂ ಕಿವಿಗೆ ಬೀಳುತ್ತದೆ. ಅದೇ ಟರ್ಬೊ. ಚಿತ್ತೂರಿನಿಂದ ಮೊಗಿಲಿ ಘಾಟಿ ಹತ್ತಿ ಪಲಮನೇರಿನ ಮೇಲೆ ಮುಳಬಾಗಿಲಿಗೆ ಬರುವ ಲಾರಿಗಳು ಒಂದು ಕಾಲದಲ್ಲಿ ಏದುಸಿರು ಬಿಡುತ್ತಾ ಆಮೆಯಂತೆ ತೆವಳುತ್ತಿದ್ದವು. ಈಗ ಅದೇ ಏರನ್ನು ಹೆಚ್ಚು ಸಲೀಸಾಗಿ ಹತ್ತುತ್ತವೆ. ನೀರಿಗಾಗಿ ಸಾವಿರ ಅಡಿ ಕೊರೆಯುವ ಈ ಜಿಲ್ಲೆಯವರಿಗೆ ಕೊಳವೆ ಬಾವಿ ಲಾರಿಯ ಮೇಲೆ ಇಡೀ ರಾತ್ರಿ ಬೊಬ್ಬಿಡುವ ದೊಡ್ಡ ಡೀಸೆಲ್ ಎಂಜಿನ್ನಿನ ಸದ್ದೂ ಹೊಸದಲ್ಲ.

ಶ್ರೀನಿವಾಸಪುರದ ಮಾವಿನ ತೋಟದ ಮನೆಯೊಂದರಲ್ಲಿ ಈ ಸಿಳ್ಳೆ ಜಗಳಕ್ಕೆ ಕಾರಣವಾಯಿತು. ಮನೆಯಲ್ಲಿರುವುದು ಸಾಧಾರಣ ಪೆಟ್ರೋಲ್ ಬಲೆನೊ. ಎಂಜಿನಿಯರಿಂಗ್ ಓದುತ್ತಿರುವ ಮಗನಿಗೆ ಅದಕ್ಕೊಂದು ಟರ್ಬೊ ಕೂರಿಸಿ ಸ್ಪೋರ್ಟ್ಸ್ ಕಾರು ಮಾಡುವ ಆಸೆ. ಅಪ್ಪನದು ಒಂದೇ ಪ್ರಶ್ನೆ: "ದುಡ್ಡು ಹಾಕಿ ಇರೋ ಗಾಡಿ ಕೆಡಿಸ್ಕೋಬೇಕೇನೋ?"

ಹುಡುಗನ ಆಸೆ ಹುಚ್ಚೇನೂ ಅಲ್ಲ. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯ ರಭಸದಲ್ಲಿ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಕೂರಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ನುಗ್ಗಿಸುತ್ತದೆ. ಹೆಚ್ಚು ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್, ಹೆಚ್ಚು ಬಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಕೋಲಾರದ ಕಡೆ ಇದರಿಂದ ಇನ್ನೊಂದು ಲಾಭವೂ ಉಂಟು. ಸಮುದ್ರ ಮಟ್ಟದಿಂದ ಎಂಟುನೂರು ಮೀಟರಿಗೂ ಮೇಲಿರುವ ಈ ನೆಲದಲ್ಲಿ ಗಾಳಿ ಮದರಾಸಿಗಿಂತ ಶೇಕಡ ಏಳೆಂಟರಷ್ಟು ತೆಳು. ಸಾಧಾರಣ ಎಂಜಿನ್ ಅಷ್ಟು ಬಲ ಕಳೆದುಕೊಳ್ಳುತ್ತದೆ, ಟರ್ಬೊ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಅಪ್ಪ ಮಗ ಇಬ್ಬರೂ ಒಂದು ಭಾನುವಾರ ಕೋಲಾರಕ್ಕೆ ಹೊರಟರು. ಅಂತರಗಂಗೆ ಬೆಟ್ಟ ಕಾಣುವ ಬೀದಿಯ ಗ್ಯಾರೇಜಿನಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತಿ ನೋಡಿದರು. "ಗಾಳಿ ನುಗ್ಗಿಸೋದು ಸುಲಭ ಕಣಪ್ಪ. ಬಿಸಿ ತಡಕೊಳ್ಳೋದು ಕಷ್ಟ" ಎಂದರು.

ಮಾತು ಅಕ್ಷರಶಃ ನಿಜ. ಪೆಟ್ರೋಲ್ ಎಂಜಿನ್ನಿನ ಟರ್ಬೊಗೆ ಬಡಿಯುವ ಹೊಗೆಯ ಬಿಸಿ ಒಂಬೈನೂರು ಡಿಗ್ರಿ ಮುಟ್ಟಬಹುದು. ಹೆಂಚು, ಇಟ್ಟಿಗೆಗೆ ಹೆಸರಾದ ಮಾಲೂರಿನ ಗೂಡುಗಳ ಬಿಸಿಯನ್ನು ಬಾನೆಟ್ಟಿನ ಕೆಳಗೆ ಇಟ್ಟುಕೊಂಡಂತೆ! ಚಕ್ರವೋ ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುತ್ತದೆ. ಅದಕ್ಕೆ ಎಡೆಬಿಡದೆ ಎಣ್ಣೆ ಬೇಕು. ಒತ್ತಿದ ಗಾಳಿ ಕಾಯುವುದರಿಂದ ಅದನ್ನು ತಣಿಸುವ ಇಂಟರ್‌ಕೂಲರ್ ಬೇಕು. ಎಲ್ಲಕ್ಕಿಂತ ಮುಖ್ಯವಾದುದು ಎಂಜಿನ್ನಿನ ಹೊಟ್ಟೆಯೊಳಗಿದೆ. ಟರ್ಬೊ ಇಲ್ಲದ ಎಂಜಿನ್ ತಾನೇ ಎಳೆದುಕೊಂಡ ಗಾಳಿಯನ್ನು ಹತ್ತು ಹನ್ನೊಂದು ಪಟ್ಟು ಒತ್ತುವಂತೆ ಮಾಡಿದ್ದು. ಮೊದಲೇ ಒತ್ತಿದ ಗಾಳಿಯನ್ನು ಅದಕ್ಕೆ ಉಣಿಸಿದರೆ ಪೆಟ್ರೋಲ್ ಕಿಡಿಗೆ ಕಾಯದೆ ಸಿಡಿಯುತ್ತದೆ, ಪಿಸ್ಟನ್ ತೂತಾಗುತ್ತದೆ. ತಪ್ಪಿಸಬೇಕಾದರೆ ಪಿಸ್ಟನ್, ಇಂಧನದ ಲೆಕ್ಕ ಇಡುವ ಕಂಪ್ಯೂಟರ್, ಕ್ಲಚ್ಚು ಒಂದೊಂದಾಗಿ ಬದಲಾಗಬೇಕು. ಟರ್ಬೊ ಕಿಟ್ಟಿನ ಬೆಲೆಯನ್ನು ಮಾತ್ರ ಕೇಳಿಕೊಂಡು ಬಂದಿದ್ದ ಹುಡುಗ ಇಲ್ಲಿ ಸ್ವಲ್ಪ ಮೆತ್ತಗಾದ.

ಕಾರ್ಖಾನೆ ಏನು ಮಾಡಿತ್ತು ಎಂಬುದಕ್ಕೆ ಅವನ ಮನೆಯ ಕಾರಿನ ಜಾತಿಯಲ್ಲೇ ಉದಾಹರಣೆ ಇತ್ತು. 2017ರಲ್ಲಿ ಮಾರುತಿ ಕಂಪನಿ ಬಲೆನೊ ಆರ್‌ಎಸ್ ಎಂಬ ಕಾರು ತಂದಿತು. 1.2 ಲೀಟರಿನ ಸಾಧಾರಣ ಎಂಜಿನ್ 84 ಅಶ್ವಶಕ್ತಿ ಕೊಡುತ್ತಿದ್ದರೆ, ಆರ್‌ಎಸ್‌ನ ಒಂದೇ ಲೀಟರಿನ ಟರ್ಬೊ ಎಂಜಿನ್ 102 ಕೊಡುತ್ತಿತ್ತು. ಗಮನಿಸಬೇಕಾದ ಸಂಗತಿ, ಇದು ಹಳೆಯ ಎಂಜಿನ್ನಿಗೆ ಟರ್ಬೊ ಕಟ್ಟಿದ್ದಲ್ಲ, ಬೇರೆಯದೇ ಎಂಜಿನ್. ಹಿಂದಿನ ಚಕ್ರಗಳಿಗೂ ಡಿಸ್ಕ್ ಬ್ರೇಕ್ ಬಂತು. ಓಡಿಸುವ ಮುನ್ನ ನಿಲ್ಲಿಸುವುದನ್ನು ಯೋಚಿಸಿದ್ದರು ಎಂದಾಯಿತು. ಕಾರ್ಖಾನೆಯೂ ತಪ್ಪೇ ಮಾಡದ ದೇವರಲ್ಲ. 2023ರಲ್ಲಿ ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪಿನ ದೋಷಕ್ಕಾಗಿ 7,213 ಆರ್‌ಎಸ್ ಕಾರುಗಳನ್ನು ಕಂಪನಿ ವಾಪಸು ಕರೆಯಿತು. ಗ್ಯಾರೇಜಿನಲ್ಲಿ ಕೂರಿಸಿದ ಟರ್ಬೊವನ್ನು ಹೀಗೆ ಯಾರು ಕರೆಯುತ್ತಾರೆ?

ಕಾನೂನಿನ ಮಾತು ಬೇರೆ. ನೋಂದಣಿ ಪತ್ರದ ವಿವರ ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಹೇಳದೆ ಮಾಡಿಸಿದ ಮಾರ್ಪಾಡು ಅಪಘಾತವಾದಾಗ ವಿಮೆಯ ಹಣಕ್ಕೂ ಅಡ್ಡ ಬರಬಹುದು. ಮಾಲೂರಿನ ಬದಿಯಿಂದ ಬೇತಮಂಗಲದವರೆಗಿನ ಎಕ್ಸ್‌ಪ್ರೆಸ್ ರಸ್ತೆ 2024ರ ಕೊನೆಯಲ್ಲಿ ವಾಹನಗಳಿಗೆ ತೆರೆದ ಮೇಲಂತೂ ಮಗ ರಾತ್ರಿ ಕಾರು ತೆಗೆದರೆ ಅಮ್ಮನಿಗೆ ನಿದ್ದೆಯಿಲ್ಲ.

ಸಂಜೆ ಮುಳಬಾಗಿಲಿನಲ್ಲಿ ದೋಸೆ. ಅಲ್ಲಿಯ ದೋಸೆ ಮುಂದೆ ಜಗಳ ಬಹಳ ಹೊತ್ತು ನಿಲ್ಲುವುದಿಲ್ಲ. ಆರ್‌ಎಸ್ ಮಾರಾಟ 2020ರಲ್ಲೇ ನಿಂತಿದೆ, ಸೆಕೆಂಡ್ ಹ್ಯಾಂಡ್ ಹುಡುಕಬೇಕು ಎಂದ ಮಗ. ಅಪ್ಪ ಬೆರಳು ನೆಕ್ಕಿಕೊಂಡು ಹೇಳಿದರು:

"ಈ ಸಲದ ಕಾಯಿ ಮಂಡಿ ಸೇರ್ಲಿ, ಹಳೇ ಕಾರು ಕೊಟ್ಟು ನೋಡೋಣ. ಓಡಿಸಿ ನೋಡೋದು ನೀನು. ಆ ಪಂಪು ಬದಲಾಯಿಸಿದ್ದಾರೋ ಇಲ್ವೋ ಅಂತ ಸರ್ವಿಸ್ ಪುಸ್ತಕ ನೋಡೋದು ನಾನು."