ಬಹುಧಾನ್ಯದ ವೈಶಾಖ

ನವನಗರದಲ್ಲಿ ಮನೆ ಮಾಡಿಕೊಂಡವರಿಗೆ ಹಳೆಯ ಕಾಲ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಹುಬ್ಬಳ್ಳಿಯವರಿಗೆ ಸಿದ್ಧಾರೂಢ ಮಠವಿದೆ, ಧಾರವಾಡದವರಿಗೆ ಸಾಧನಕೇರಿಯಿದೆ. ನಮ್ಮದು 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ನಡುವಿನ ಬಯಲಿನಲ್ಲಿ ಎದ್ದುನಿಂತ ಬಡಾವಣೆ. ಕ್ಯಾನ್ಸರ್ ಆಸ್ಪತ್ರೆ, ಕಾನೂನು ವಿಶ್ವವಿದ್ಯಾಲಯ, ಪೊಲೀಸ್ ಕಮಿಷನರ್ ಕಚೇರಿ, ಚಿಗರಿ ಬಸ್ಸಿನ ದಾರಿ, ಎಲ್ಲವೂ ಈಚಿನವು. ಹಳೆಯದೇನನ್ನಾದರೂ ನೋಡಬೇಕೆಂದರೆ ಅಮರಗೋಳದ ಶಂಕರಲಿಂಗ ಗುಡಿಯ ತನಕ ಹೋಗಬೇಕು. ಆದರೆ ಅದು ಚಾಲುಕ್ಯರ ಕಾಲ, ತೀರಾ ಹಿಂದಕ್ಕಾಯಿತು. ನನಗೆ ಬೇಕಾದದ್ದು ನಡುವಿನದು, ನಮ್ಮ ಅಜ್ಜ ಅಜ್ಜಿಯರ ಕಾಲ. ಆಗ ಇಲ್ಲಿದ್ದದ್ದು ಎರಿಹೊಲ. ಮೇ ತಿಂಗಳಲ್ಲಿ ಆ ಹೊಲ ರಂಟೆ ಹೊಡೆಸಿಕೊಂಡು ರೋಹಿಣಿ ಮಳೆಗೆ ಕಾಯುತ್ತಿತ್ತು.

ಪಕ್ಕದ ಮನೆಯ ಹುಡುಗಿ ಶಾಲೆಯ ಕೆಲಸವೊಂದನ್ನು ಹಿಡಿದುಕೊಂಡು ಬಂದಿದ್ದಳು. “ಕಾಕಾ, ಸ್ವಾತಂತ್ರ್ಯ ಬರೋಕಿಂತ ಮೊದಲಿಂದು ಒಂದು ತಿಂಗಳು ಆರಿಸಿಕೊಂಡು, ಆ ತಿಂಗಳದಾಗ ಏನೇನಾತು, ಯಾರ‍್ಯಾರು ಹುಟ್ಟಿದ್ರು ಅಂತ ಬರೀಬೇಕ್ರಿ. ಯಾವ ತಿಂಗಳು ತೊಗೊಳ್ಳಲಿ?” ನಾನು ಹೆಚ್ಚು ಯೋಚಿಸದೆ 1938ರ ಮೇ ಎಂದುಬಿಟ್ಟೆ. ಆಕೆ ಗೆರೆ ಹೊಡೆದು ಎರಡು ಮನೆ ಮಾಡಿಕೊಂಡಳು: ಒಂದು ಘಟನೆಗಳಿಗೆ, ಒಂದು ಜನನಗಳಿಗೆ. ಆಕೆಯ ಕೆಲಸ ಆ ಸಂಜೆಯೇ ಮುಗಿಯಿತು. ನನ್ನ ತಲೆಯಿಂದ ಮಾತ್ರ ಆ ತಿಂಗಳು ಇಳಿಯಲೇ ಇಲ್ಲ.

ಪಂಚಾಂಗದ ಲೆಕ್ಕದಲ್ಲಿ ಅದು ಬಹುಧಾನ್ಯ ಸಂವತ್ಸರ, ವೈಶಾಖ ಮಾಸ. ಮೇ ಮೊದಲ ವಾರದಲ್ಲಿ ಬಸವ ಜಯಂತಿ, 14ಕ್ಕೆ ಆಗಿ ಹುಣ್ಣಿಮೆ. ಯುರೋಪಿನಲ್ಲಿ ಹಿಟ್ಲರ್ ರೋಮಿಗೆ ಹೋಗಿ ಮುಸೊಲಿನಿಯ ಪಕ್ಕದಲ್ಲಿ ನಿಂತು ಸೈನ್ಯದ ಮೆರವಣಿಗೆ ನೋಡಿದ. ಇಲ್ಲಿ ಕಾಂಗ್ರೆಸ್ಸಿಗೆ ಸುಭಾಷಚಂದ್ರ ಬೋಸರು ಅಧ್ಯಕ್ಷರು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು, ಮುಂಬಯಿಯಲ್ಲಿ ಬಿ. ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲ ಅಧಿಕಾರ ನಡೆಸುತ್ತಿತ್ತು. ಕನ್ನಡ ನಾಡಿನ ಮಟ್ಟಿಗೆ ಆ ಮೇ ತಿಂಗಳನ್ನೆಲ್ಲ ತುಂಬಿಕೊಂಡಿದ್ದ ಹೆಸರು ಒಂದೇ, ವಿದುರಾಶ್ವತ್ಥ.

ಆ ವರ್ಷ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತ್ತು. ಅಧ್ಯಕ್ಷತೆ ಟಿ. ಸಿದ್ಧಲಿಂಗಯ್ಯನವರದು. ಧ್ವಜ ಹಾರಿಸಬಾರದೆಂದು ಸರ್ಕಾರ ಆಜ್ಞೆ ಮಾಡಿದ್ದರಿಂದ ಧ್ವಜ ಹಾರಿಸುವುದೇ ಸತ್ಯಾಗ್ರಹವಾಯಿತು. ಅಲ್ಲಿಂದ ಆ ಕೆಚ್ಚು ಹಳ್ಳಿಯಿಂದ ಹಳ್ಳಿಗೆ ಹರಡಿತು. ಏಪ್ರಿಲ್ 25, ಸೋಮವಾರ, ಗೌರಿಬಿದನೂರಿನ ಹತ್ತಿರದ ವಿದುರಾಶ್ವತ್ಥದಲ್ಲಿ ಜಾತ್ರೆಯ ಜನವೂ ಸೇರಿದ್ದಾಗ ಧ್ವಜಕ್ಕಾಗಿ ಕೂಡಿದ್ದ ಗುಂಪಿನ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಎಂಬ ವಿಷಯದಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಬಹಳ ಅಂತರ. ಆ ಅಂತರ ಇವತ್ತಿನವರೆಗೂ ಮುಚ್ಚಿಲ್ಲ. ವಿಚಾರಣೆಗೆಂದು ಸರ್ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಮೇ ತಿಂಗಳಲ್ಲಿ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ದಿವಾನ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿದರು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟಕ್ಕೂ ಜಾಗ ಸಿಕ್ಕಿತು. ಪಟೇಲ್–ಮಿರ್ಜಾ ಒಪ್ಪಂದ ಎಂದು ಪಠ್ಯಪುಸ್ತಕದಲ್ಲಿ ಒಂದು ಸಾಲಾಗಿ ಉಳಿದಿರುವುದು ಇದೇ.

ನನ್ನನ್ನು ಕಾಡುವುದು ರೈಲು. ಪುಣೆಯಿಂದ ಹೊರಟು ಬೆಳಗಾವಿ, ಧಾರವಾಡ, ಹುಬ್ಬಳ್ಳಿ ದಾಟಿ ಬೆಂಗಳೂರಿಗೆ ಹೋಗುವ ಮೀಟರ್ ಗೇಜ್ ಗಾಡಿ. ಹುಬ್ಬಳ್ಳಿಯಲ್ಲಿ ಹತ್ತಿದವನು ಹರಿಹರದ ಹತ್ತಿರ ತುಂಗಭದ್ರೆಯ ಸೇತುವೆ ದಾಟಿದೊಡನೆ ಮೈಸೂರು ಸಂಸ್ಥಾನದೊಳಗೆ ಇರುತ್ತಿದ್ದ. ಭಾಷೆ ಅದೇ, ಹೊಳೆಯ ನೀರು ಅದೇ, ಎರಡೂ ದಡದ ಜನ ಬೀಗರು. ಈಚೆ ದಡದಲ್ಲಿ ಕಾಂಗ್ರೆಸ್ಸಿನವರೇ ಮಂತ್ರಿಗಳು, ಆ ಧ್ವಜ ಅವರದೇ ಧ್ವಜ. ಆಚೆ ದಡದಲ್ಲಿ ಅದೇ ಬಟ್ಟೆಯನ್ನು ಕೋಲಿಗೆ ಕಟ್ಟಿದ್ದಕ್ಕೆ ರೈತರ ಎದೆಗೆ ಗುಂಡು. ಕರ್ನಾಟಕ ಏಕೀಕರಣ ಯಾಕೆ ಬೇಕಾಗಿತ್ತು ಎಂದು ಕೇಳುವ ಮಕ್ಕಳಿಗೆ ನಾನು ಬೇರೆ ಕಾರಣ ಹೇಳುವುದಕ್ಕಿಂತ ಈ ಸೇತುವೆಯನ್ನೇ ತೋರಿಸುತ್ತೇನೆ.

ಧ್ವಜದ ವಿಷಯದಲ್ಲಿ ಹುಬ್ಬಳ್ಳಿ ಹೊಸಬನಲ್ಲ. 1923ರ ನಾಗಪುರ ಧ್ವಜ ಸತ್ಯಾಗ್ರಹಕ್ಕೆ ಡಾ. ನಾ. ಸು. ಹರ್ಡೀಕರರ ಜೊತೆ ಇಲ್ಲಿನ ತರುಣರು ಹೋಗಿದ್ದರು. ಕ್ಷಮೆ ಕೇಳಿದರೆ ಬಿಡುತ್ತೇವೆಂದಾಗ ಕೇಳಲಿಲ್ಲ, ಜೈಲಿನಲ್ಲೇ ಉಳಿದರು. ಆ ಹಟದಿಂದಲೇ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಹಾಗಿರುವಾಗ 1938ರ ಮೇ ತಿಂಗಳಲ್ಲಿ ವಿದುರಾಶ್ವತ್ಥದ ಸುದ್ದಿ ಓದಿದ ಹುಬ್ಬಳ್ಳಿಯ ಹಳೆಯ ಸೇವಾದಳದವರ ಮನಸ್ಸಿನಲ್ಲಿ ಏನೆದ್ದಿರಬೇಕೆಂದು ಊಹಿಸಿದರೆ ಮೈ ಜುಮ್ಮೆನ್ನುತ್ತದೆ.

ಆ ಧ್ವಜ ಕೊನೆಗೆ ನಮ್ಮೂರಿಗೇ ಬಂತು. ನವನಗರದಿಂದ ಬೆಂಗೇರಿ ದೂರವಲ್ಲ. ಅಲ್ಲಿ 1957ರ ನವೆಂಬರ್ 1ರಂದು, ಕನ್ನಡ ನಾಡು ಒಂದಾಗಿ ಒಂದು ವರ್ಷ ತುಂಬಿದ ದಿನ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಶುರುವಾಯಿತು. ಭಾರತೀಯ ಮಾನಕ ಬ್ಯೂರೋದ ಪ್ರಮಾಣ ಪಡೆದ ರಾಷ್ಟ್ರಧ್ವಜ ಇಲ್ಲಿ ತಯಾರಾಗುತ್ತದೆ. ಬಾಗಲಕೋಟೆ ಕಡೆ ಮಗ್ಗದಲ್ಲಿ ನೇಯ್ದ ಖಾದಿ ಇಲ್ಲಿಗೆ ಬರುತ್ತದೆ. ಬಣ್ಣ ಹಾಕಿ, ಚಕ್ರ ಅಚ್ಚೊತ್ತಿ, ಹೊಲಿದು, ಒಂದೊಂದನ್ನೂ ಅಳೆದು ನೋಡುತ್ತಾರೆ. ಮೇಜಿನ ಮೇಲಿಡುವ ಆರು ಇಂಚು ಉದ್ದದ್ದರಿಂದ ಹಿಡಿದು 21 ಅಡಿ ಉದ್ದದ್ದರ ತನಕ ಒಂಬತ್ತು ಅಳತೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಚಕ್ರದ 24 ಗೆರೆ ಬಟ್ಟೆಯ ಎರಡೂ ಮೈಯಲ್ಲಿ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂಡಬೇಕು. ಅದು ಎಷ್ಟು ಬಿಗಿಯಾದ ಕೆಲಸವೆಂದು ಕಣ್ಣಾರೆ ಕಂಡವರಿಗೆ ಗೊತ್ತು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದ ನೇಯ್ಗೆಗೂ ಅನುಮತಿ ಕೊಟ್ಟದ್ದು ನನಗೆ ನೋವಿನ ವಿಷಯ. ಧ್ವಜ ಅಗ್ಗವಾಯಿತು, ಮನೆಮನೆಗೆ ಹೋಯಿತು, ಒಪ್ಪುತ್ತೇನೆ. ಆದರೆ 1938ರಲ್ಲಿ ಜನ ಗುಂಡಿಗೆ ಎದೆಯೊಡ್ಡಿ ಹಿಡಿದದ್ದು ಕೈನೂಲಿನ ಬಟ್ಟೆಯನ್ನು, ಅದರ ನಡುವೆ ಚರಕವಿತ್ತು. ಆ ಬಟ್ಟೆಯನ್ನು ಮಾಡುವ ಬೆಂಗೇರಿಯ ಕೈಗಳಿಗೆ ಕೆಲಸ ಕಡಿಮೆಯಾಗುವುದನ್ನು ನೋಡಿ ಸುಮ್ಮನಿರುವುದು ನನ್ನಿಂದ ಆಗುವುದಿಲ್ಲ.

ಹುಡುಗಿಯ ಹಾಳೆಯ ಎರಡನೆಯ ಮನೆ ಜನನಗಳದು. ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಆ ಕಾಲದಲ್ಲಿ ಹುಟ್ಟಿದವರ ಶಾಲೆಯ ದಾಖಲೆ ತೆಗೆದು ನೋಡಿ: ಜೂನ್ 1, ಜೂನ್ 1, ಜೂನ್ 1. ಮಗುವನ್ನು ಹೆಸರು ಹಚ್ಚಲು ಕರೆದುಕೊಂಡು ಹೋದಾಗ ಗುರುಗಳು ವಯಸ್ಸು ಕೂಡುವಂತೆ ಬರೆದುಕೊಂಡ ತಾರೀಖು ಅದು. ನಿಜವಾದ ಹುಟ್ಟುದಿನ ತಾಯಿಯ ಬಾಯಲ್ಲಿ ಮಾತ್ರ ಇರುತ್ತಿತ್ತು. “ಆಗಿ ಹುಣ್ಣಿಮಿ ಆಗಿ ಐದನೇ ದಿನಕ್ಕ”, “ಬಿತ್ತಗಿ ಮುಗಿಯೂ ಮುಂದ”, “ದೊಡ್ಡ ಎತ್ತು ಸತ್ತ ವರ್ಷ”. ಆ ತಾಯಂದಿರು ಹೋದರು, ಅವರ ಜೊತೆ ಆ ದಿನಗಳೂ ಹೋದವು. 1938ರ ಮೇ ತಿಂಗಳಲ್ಲಿ ಅಮರಗೋಳ, ಉಣಕಲ್ಲು, ಭೈರಿದೇವರಕೊಪ್ಪದ ತೊಟ್ಟಿಲುಗಳಲ್ಲಿ ಮಲಗಿದ್ದ ಕೂಸುಗಳ ಹೆಸರು ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಈ ಬಯಲನ್ನು ಉತ್ತವರು ಅವರೇ.

ಪಟ್ಟಿಯಲ್ಲಿ ಬರುವ ಹೆಸರು ಗಿರೀಶ ಕಾರ್ನಾಡರದು. 1938ರ ಮೇ 19, ಗುರುವಾರ. ಅಮರಗೋಳದ ತಾಯಂದಿರ ಲೆಕ್ಕದಲ್ಲಿ ಆಗಿ ಹುಣ್ಣಿಮೆಯಾಗಿ ಐದನೇ ದಿನ. ಊರು ಮಾಥೇರಾನ್, ಮುಂಬಯಿ ಹತ್ತಿರದ ಗಿರಿಧಾಮ. ತಂದೆ ರಘುನಾಥ ಕಾರ್ನಾಡರು ಸರ್ಕಾರಿ ವೈದ್ಯರು. ವಿದುರಾಶ್ವತ್ಥದ ವಿಷಯ ಇನ್ನೂ ತಣ್ಣಗಾಗದಿದ್ದ ಆ ವಾರದಲ್ಲಿ ಈ ಹುಟ್ಟು ಯಾರಿಗೂ ಸುದ್ದಿಯಲ್ಲ. ಕನ್ನಡ ನಾಡಿನ ಗಡಿಯಾಚೆ, ಬೆಟ್ಟದ ಮೇಲಿನ ಊರಿನಲ್ಲಿ, ಒಬ್ಬ ಡಾಕ್ಟರ ಮನೆಯಲ್ಲಿ ಒಂದು ಗಂಡು ಮಗು, ಅಷ್ಟೇ.

ಆ ಮಗು ಶಿರಸಿಯಲ್ಲಿ ಬೆಳೆಯಿತು, ಯಕ್ಷಗಾನವನ್ನೂ ಕಂಪನಿ ನಾಟಕವನ್ನೂ ಕಣ್ತುಂಬ ನೋಡಿತು, ಆಮೇಲೆ ಧಾರವಾಡಕ್ಕೆ ಬಂತು. ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದ ತರುಣನಿಗೆ ಇಂಗ್ಲಿಷಿನಲ್ಲಿ ಕವಿಯಾಗಬೇಕೆಂಬ ಆಸೆ. ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿಗೆ, ಮನೆಯವರ ಆತಂಕ ಒಂದು ಕಡೆ, ತನ್ನ ಹಟ ಒಂದು ಕಡೆ ಎಳೆದಾಡುವಾಗ, ಅವರೊಳಗಿಂದ ಬಂದದ್ದು ಒಂದು ನಾಟಕ, ಅದೂ ಕನ್ನಡದಲ್ಲಿ: ಯಯಾತಿ.

ಅದನ್ನು ಅವರು ಎಲ್ಲಿಗೆ ಕೊಟ್ಟರು ಎಂಬುದರಲ್ಲಿ ಧಾರವಾಡದ ಪಾಲಿದೆ. ಸುಭಾಷ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟವಿದೆ. ಮೆಟ್ಟಿಲು ಹತ್ತಿ ಹೋಗಬೇಕು. 1933ರಲ್ಲಿ ಜಿ. ಬಿ. ಜೋಶಿಯವರು, ಜಡಭರತರೆಂದು ಬರೆದವರು, ಕಟ್ಟಿದ ಪ್ರಕಾಶನ ಅದು. ಕಾರ್ನಾಡರು ಹುಟ್ಟುವ ಮೊದಲೇ ಅವರ ಪುಸ್ತಕಗಳಿಗೆ ಇಲ್ಲಿ ಮನೆ ಸಿದ್ಧವಾಗಿತ್ತು ಎಂದು ಹೇಳಲು ನನಗೆ ಇಷ್ಟ. ಜೋಶಿಯವರ ಜೊತೆ ಕೀರ್ತಿನಾಥ ಕುರ್ತಕೋಟಿಯವರ ಕಣ್ಣು. ಹೆಸರಿಲ್ಲದ ಹುಡುಗನ ಹಸ್ತಪ್ರತಿಯನ್ನು ಇಬ್ಬರೂ ಗಂಭೀರವಾಗಿ ಓದಿದರು, 1961ರಲ್ಲಿ ಅಚ್ಚು ಹಾಕಿದರು. 1964ರಲ್ಲಿ ತುಘಲಕ್ ಬಂತು, ಮುಂದೆ ಹಯವದನ. ಜ್ಞಾನಪೀಠ 1998ರಲ್ಲಿ. ಮಾಥೇರಾನಿನವರು ನಮ್ಮಲ್ಲಿ ಹುಟ್ಟಿದವರೆಂದು ಫಲಕ ಹಾಕಿಕೊಳ್ಳಲಿ, ಬೇಡವೆನ್ನುವುದಿಲ್ಲ. ಮನುಷ್ಯನಿಗೆ ಓದಿ, ಬೈದು, ತಿದ್ದಿ, ಅಚ್ಚು ಹಾಕಿ ಕೊಡುವ ಊರೂ ಅವನ ಹೆತ್ತೂರೇ ಎಂದು ನಾನು ವಾದಿಸುತ್ತೇನೆ. ಅದೇ 1938ರ ನವೆಂಬರ್ 28ರಂದು ಹುಟ್ಟಿದ ಎಂ. ಎಂ. ಕಲಬುರ್ಗಿಯವರೂ ಹಾಗೆಯೇ ಸಿಂದಗಿ ಸೀಮೆಯಿಂದ ಧಾರವಾಡಕ್ಕೆ ಬಂದವರು. ಶಾಸನ, ವಚನಗಳ ಸಂಶೋಧನೆಗೆ ಇಡೀ ಆಯುಷ್ಯವನ್ನು ಇಲ್ಲೇ ಸವೆಸಿದರು. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಅವರ ಮನೆ ಬಾಗಿಲಿಗೆ ಬಂದವರು ಗುಂಡು ಹಾರಿಸಿ ಕೊಂದರು. ಅವಳಿ ನಗರದ ನಾವು ಆ ಬೆಳಗನ್ನು ಯಾವ ಪಟ್ಟಿಯಲ್ಲಿ ಬರೆದರೂ ಮನಸ್ಸು ಹಗುರಾಗುವುದಿಲ್ಲ.

ಮತ್ತೆ ಮೇ 19ಕ್ಕೆ ಬರುತ್ತೇನೆ, ಆ ದಿನದ ಬಗ್ಗೆ ಮುಖ್ಯವಾದದ್ದು ಇನ್ನೂ ಹೇಳಿಲ್ಲ. ಕಾರ್ನಾಡರ ತಾಯಿ ಕೃಷ್ಣಾಬಾಯಿ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕೈಯಲ್ಲೊಂದು ಮಗನಿದ್ದಾಗಲೇ ನರ್ಸ್ ಆಗಲು ಕಲಿತವರು. ವಿಧವೆಯ ಮದುವೆ ಎಂದರೆ ಊರು ತಿರುಗಿಬೀಳುತ್ತಿದ್ದ ಕಾಲದಲ್ಲಿ ವರ್ಷಗಟ್ಟಲೆ ಕಾದು ಡಾಕ್ಟರ್ ರಘುನಾಥರನ್ನು ಮದುವೆಯಾದರು. ಮಕ್ಕಳಾದವು. ಈ ಸಲ ಬಸುರಾದಾಗ ಇಷ್ಟು ಸಾಕೆನ್ನಿಸಿ ಗಂಡ ಹೆಂಡತಿ ಇಬ್ಬರೂ ಪುಣೆಯ ಡಾ. ಮಧುಮಾಲತಿ ಗುಣೆಯವರ ದವಾಖಾನೆಗೆ ಹೋದರು. ಡಾಕ್ಟರು ಬಂದಿರಲಿಲ್ಲ. ಒಂದು ತಾಸು ಕೂತು ನೋಡಿದರು, ಬರಲಿಲ್ಲ, ಎದ್ದು ಬಂದರು. ಮತ್ತೆ ಹೋಗಲಿಲ್ಲ.

ಈ ಮಾತನ್ನು ತಾಯಿ ಮಗನಿಗೆ ಹೇಳಿದ್ದು ಧಾರವಾಡದ ಮನೆಯಲ್ಲಿ, ಊಟದ ಹೊತ್ತಿನಲ್ಲಿ, ಎಲ್ಲರೂ ಮಾತಾಡುವ ಹಾಗೆ ಸಹಜವಾಗಿ. ಆಗ ಮಗ ನಾಡಿಗೆಲ್ಲ ಹೆಸರಾದ ನಾಟಕಕಾರ. ತಾನಿಲ್ಲದೆಯೇ ಈ ಲೋಕ ಇರಬಹುದಾಗಿತ್ತು ಎಂಬ ಯೋಚನೆಗೆ ಅವರು ದಂಗಾದರು. ಬೇರೆಯವರಾಗಿದ್ದರೆ ಅದನ್ನು ಮನೆಯೊಳಗೇ ಮುಚ್ಚಿಡುತ್ತಿದ್ದರು; ತಾಯಿಯನ್ನು ಜನ ಏನೆಂದಾರು ಎಂದು ಅಂಜುತ್ತಿದ್ದರು. ಕಾರ್ನಾಡರು ಅಂಜಲಿಲ್ಲ, ತಾಯಿಯ ಮೇಲಿನ ಗೌರವವನ್ನು ಒಂದಿಷ್ಟೂ ಕುಂದಿಸಲಿಲ್ಲ. ತಮ್ಮ ಆತ್ಮಕಥೆ ‘ಆಡಾಡತಾ ಆಯುಷ್ಯ’ವನ್ನು ಆ ಡಾಕ್ಟರಿಗೇ ಅರ್ಪಿಸಿದರು. ಕನ್ನಡದಲ್ಲಿ ಎಷ್ಟೋ ಅರ್ಪಣೆಗಳನ್ನು ಓದಿದ್ದೇನೆ, ಇಷ್ಟು ದಿಟ್ಟವಾದದ್ದನ್ನೂ ಇಷ್ಟು ಕೃತಜ್ಞವಾದದ್ದನ್ನೂ ಇನ್ನೊಂದು ಕಂಡಿಲ್ಲ.

ಹಾಗಾಗಿ ಹುಡುಗಿಯ ಹಾಳೆಯಲ್ಲಿ ಮೇ 19ರ ಮುಂದೆ ಕಾರ್ನಾಡರ ಹೆಸರಿನ ಕೆಳಗೆ ಡಾ. ಮಧುಮಾಲತಿ ಗುಣೆ ಎಂದು ಇನ್ನೊಂದು ಹೆಸರನ್ನೂ ನಾನೇ ಬರೆಸಿದೆ. “ಇವರೂ ಅವತ್ತೇ ಹುಟ್ಟಿದವರೇನ್ರಿ?” ಎಂದು ಕೇಳಿದಳು. ಅಲ್ಲವೆಂದು ಹೇಳಿ ಪುಸ್ತಕವನ್ನೇ ಕೈಗೆ ಕೊಟ್ಟೆ. ಅದು ಹೊರಬಂದದ್ದು 2011ರಲ್ಲಿ, ಕಾರ್ನಾಡರಿಗೆ 73 ನಡೆಯುತ್ತಿದ್ದಾಗ, ಸುಭಾಷ ರಸ್ತೆಯ ಅದೇ ಮನೋಹರ ಗ್ರಂಥಮಾಲೆಯಿಂದ.